ಇಪ್ಪತ್ತಮೂರನೇ ಲಕೋಟೆ

ಲಕೋಟೆ ಒಡೆದೆ. ‘ಬ’ ಗುಂಪು.
ಅಂದರೆ ದಸ್ತಗೀರ್ ಸಾಬರಿಗೆ ಹೊಸ ಚಿಕಿತ್ಸೆ ಇಲ್ಲ.
ದಿನಾ ಇಪ್ಪತ್ತು ನಿಮಿಷ ಮಾಮೂಲಿ ವ್ಯಾಯಾಮ,
ಆರು ವಾರ, ಆಮೇಲೆ ಅಳತೆ.
‘ಅ’ ಗುಂಪಿನವರಿಗೆ ಬೀಗ, ಲೋಟ, ಅಂಗಿಗುಂಡಿ,
ಅವರವರ ಕಸುಬಿನ ಸಾಮಾನು, ನೂರಾರು ಸಲ.
ಚೀಟಿ ಎತ್ತಿದ್ದು ಕಂಪ್ಯೂಟರು.
ಬೈಯಲು ಯಾರೂ ಸಿಗಲಿಲ್ಲ.

‘ನನ್ನ ಹೆಸರಿನ ಅರ್ಥ ಗೊತ್ತೇನ್ರೀ ಮೇಡಂ?
ಕೈ ಹಿಡಿಯೋನು ಅಂತ.’
ಹೇಳುತ್ತ ಎಡಗೈಯಿಂದ ಬಲಗೈ ಎತ್ತಿ
ಮೇಜಿನ ಮೇಲಿಟ್ಟರು,
ಯಾರೋ ನೋಡಿಕೊಳ್ಳಿ ಅಂತ ಬಿಟ್ಟುಹೋದ
ಗಂಟನ್ನು ಇಡುವ ಹಾಗೆ.

ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷ.
ಕಾದ ಮರಳಿಗೆ ಅಕ್ಕಿ ಸುರಿದು
ಮೂರು ಎಣಿಸುವುದರೊಳಗೆ ಬಾಚಬೇಕಂತೆ,
‘ನಾಲ್ಕಕ್ಕೆ ಕರಕಲು.’
ಲಕ್ವ ಹೊಡೆದ ರಾತ್ರಿ ಐದರವರೆಗೆ ಎಣಿಸಿದ್ದರು,
ಸೌಟು ಎಲ್ಲಿದೆ ಅಂತ ಕೈಗೆ ತಿಳಿಯದೆ.

ಮಣಿಕಟ್ಟಿಗೆ ಸೆನ್ಸರ್ ಕಟ್ಟುತ್ತೇನೆ.
ಮುಂದೆ ಹಳದಿ ಪ್ಲಾಸ್ಟಿಕ್ ಶಂಕು: ಮುಟ್ಟಿ.
ನೆಟ್ಟಗಿರುವ ಕೈ ಪರದೆಯ ಮೇಲೆ
ಒಂದೇ ಗುಡ್ಡ ಬರೆಯುತ್ತದೆ,
ಏರಿ, ಇಳಿದು, ಸುಮ್ಮನಾಗುತ್ತದೆ.
ಇವರದು ಹದಿನಾಲ್ಕು ತುದಿ,
ಬಸ್ಸಿನ ಕಿಟಕಿಯಿಂದ ಕಂಡ ದುರ್ಗದ ಬಂಡೆಸಾಲು.
‘ಇದೇನ್ ಕುಡಿದು ನಡೆದಂಗೈತಲ್ಲ’ ಎಂದು
ಅವರೇ ನಕ್ಕರು.
ನಾನು ಹದಿನಾಲ್ಕು ಅಂತ ಬರೆದುಕೊಂಡೆ.

ನಾಲ್ಕನೇ ವಾರ ತುದಿಗಳು ಆರಕ್ಕಿಳಿದವು.
‘ಬ’ ಗುಂಪಿನಲ್ಲಿ ಯಾರಿಗೂ ಇಷ್ಟು ಇಳಿದಿರಲಿಲ್ಲ.
ಯಂತ್ರ ಕೆಟ್ಟಿದೆ ಅಂದುಕೊಂಡು
ನನ್ನ ಕೈಗೇ ಕಟ್ಟಿ ನೋಡಿದೆ. ಕೆಟ್ಟಿರಲಿಲ್ಲ.

‘ಸುಳ್ಳು ಹೇಳಂಗಿಲ್ರೀ.
ರಾತ್ರಿ ಪಾಳಿಗೆ ಹೋಗಿ ತಮ್ಮನ ಬಾಜೂ ಕುಂತು
ಸೌಟು ಹಿಡೀತೀನಿ.
ಮೊದಮೊದಲು ಅವನೇ ನನ್ನ ಕೈ ಹಿಡಿದಿದ್ದ.’

ಅಂದು ರಾತ್ರಿ ಸೆನ್ಸರ್ ಚೀಲದಲ್ಲಿಟ್ಟುಕೊಂಡು
ಬಾಷಾ ನಗರ ದಾಟಿ ಭಟ್ಟಿಗೆ ಹೋದೆ.
ಹೊಗೆ, ಕೆಂಪು ಬಾಗಿಲು, ಉಪ್ಪಿನ ಗಾಳಿ,
ಎಚ್ಚರವಿದ್ದೂ ಕಣ್ಣು ಮುಚ್ಚಿದ್ದ ಒಂದು ನಾಯಿ.
ಅವರು ಬಾಚಿದರು. ಅಳೆದೆ.
ಇನ್ನೊಮ್ಮೆ ಬಾಚಿದರು. ಅಳೆದೆ.
ನಲವತ್ತು ಸಲ. ನಲವತ್ತು ಬೇರೆ ಬೇರೆ ದಾರಿ:
ಭುಜ ತಪ್ಪಿದಲ್ಲಿ ಮೊಣಕೈ ತುಂಬಿಕೊಟ್ಟಿತು,
ಮೊಣಕೈ ಸೋತಲ್ಲಿ ಸೊಂಟ ಬಾಗಿತು,
ಮಂಡಕ್ಕಿ ಮಾತ್ರ
ಪ್ರತಿ ಸಲವೂ ಅದೇ ಜರಡಿಗೆ ಬಿತ್ತು.
ಪಳಗಿದ ಕೈ ಅಂದರೆ
ಒಂದನ್ನೇ ಉರು ಹೊಡೆದ ಕೈ ಅಂದುಕೊಂಡಿದ್ದೆ,
ಎರಡು ವರ್ಷ ಓದಿ, ಸೆಮಿನಾರ್ ಕೊಟ್ಟು.
ಮರಳು ಪ್ರತಿ ಸಲ ಹೊಸದಾಗಿ ಕೇಳುತ್ತದೆ,
ಕೈ ಪ್ರತಿ ಸಲ ಹೊಸದಾಗಿ ಉತ್ತರ ಹುಡುಕುತ್ತದೆ.

‘ಒಬ್ಬರ ಕೈ ಪುರಾವೆ ಅಲ್ಲಮ್ಮ,’
ಹಾಲಪ್ಪ ಸರ್ ಕನ್ನಡಕ ಒರೆಸಿಕೊಂಡರು.
‘ಅದೂ ‘ಬ’ ಗುಂಪಿನವರು ‘ಅ’ದ ಔಷಧಿ
ಮನೆಯಲ್ಲೇ ಅರೆದು ಕುಡಿದಿದ್ದಾರೆ.
ನಿಯಮ ತಪ್ಪಿದೆ ಅಂತ ಬರಿ.’
ಸರ್ ಹೇಳಿದ್ದು ಸರಿ.
ಸರಿ ಅಂತ ಗೊತ್ತಿದ್ದೇ
ಪೆನ್ನು ಅಷ್ಟು ನಿಧಾನವಾಯಿತು.
ನನ್ನ ಬೆರಳಿಗೆ ಸೆನ್ಸರ್ ಕಟ್ಟಿದ್ದರೆ
ಎಷ್ಟು ತುದಿ ಬರುತ್ತಿದ್ದವೋ.

ಕೊನೆಯ ಅಳತೆಯ ದಿನ
ಕಾಗದದ ಪೊಟ್ಟಣ ತಂದರು. ಬಲಗೈಯಲ್ಲಿ.
ಬಾಗಿಲಿನಿಂದ ಮೇಜಿನವರೆಗೆ ಒಂಬತ್ತು ಹೆಜ್ಜೆ,
ದಾರಿಯುದ್ದಕ್ಕೂ ಬಿಳಿ ಬಿಳಿ.
‘ಚೆಲ್ಲಿದ್ದನ್ನ ಎಣಿಸ್ಕೊಳ್ರೀ,
ನಿಮ್ಮ ಫಾರಮ್ಮಿಗೆ ಬೇಕಾಗ್ತೈತಿ.’

ಅವರು ಹೋದ ಮೇಲೆ ಕೂತು ಹೆಕ್ಕಿದೆ.
ಐವತ್ತೆರಡು.
ಒಂದು ಮಾತ್ರ ಅಂಚಿನಲ್ಲಿ ಕಂದಿತ್ತು:
ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ
ತೆಗೆದದ್ದಿರಬೇಕು.